ಗೋದಕ್ಕ ಕಾಲು ಕಾಯಿಸಿದ ವೈಶಾಖ

ಮೊನ್ನೆ ಪುಣೆಯ ಕ್ಯಾಂಪಿನ ಪೇಟೆಗೆ ಹೋಗಿದ್ದ ನನ್ನ ಮಗಳು ನನಗೆಂದು ಒಂದು ಕಲ್ಲು ತಂದುಕೊಟ್ಟಳು. ಹಿಮ್ಮಡಿ ತಿಕ್ಕುವ ಕಲ್ಲು. ಅದಕ್ಕೊಂದು ಮರದ ಹಿಡಿಕೆ, ಹಿಡಿಕೆಗೆ ತೂಗುಹಾಕಲು ಕೆಂಪು ದಾರ. "ಅವ್ವಾ, ನಿನ್ನ ಹಿಮ್ಮಡಿ ಸೀಳಿ ಸೀಳಿ ಕುಂತಾವ. ದಿನಾ ಇದರಲೆ ತಿಕ್ಕಿದ್ರ ಮೆತ್ತಗಾಗ್ತಾವ" ಎಂದಳು. ಕಲ್ಲನ್ನೂ ಅಂಗಡಿಯಿಂದ ತರುವ ಕಾಲ ಬಂತಲ್ಲ ಎಂದುಕೊಂಡು ಸುಮ್ಮನೆ ಇಸಿದುಕೊಂಡೆ.

ಹಿಮ್ಮಡಿ ಮೆತ್ತಗಾಗಬೇಕೆಂದು ಬಯಸುವವರೂ ಇದ್ದಾರೆ ನೋಡಿ. ನಾನು ಹದಿನೇಳು ವರ್ಷದವಳಿದ್ದಾಗ ಒಂದು ಇಡೀ ಬೇಸಿಗೆ ಇದೇ ಹಿಮ್ಮಡಿಗಳನ್ನು ಗಟ್ಟಿ ಮಾಡಿಕೊಳ್ಳಲು ಪುಣೆಯ ದಾರಿಗಳಲ್ಲಿ ಅಲೆದಿದ್ದೇನೆ. ನನ್ನ ಸಲುವಾಗಿ ಅಲ್ಲ, ನನ್ನ ಗಂಡನ ಅಕ್ಕ ಗೋದಕ್ಕನ ಸಲುವಾಗಿ. ಆಷಾಢದಲ್ಲಿ ಸಂತರ ಪಾದುಕೆ ಹೊತ್ತ ಪಾಲಖಿಯ ಜೊತೆ ಪಂಢರಪುರಕ್ಕೆ ನಡೆದುಹೋಗಬೇಕೆಂದು ಅವಳು ಆ ವರ್ಷ ಹಟ ಹಿಡಿದಿದ್ದಳು.

ನಾನು ಮದುವೆಯಾಗಿ ಬಾಗಲಕೋಟೆಯ ಕಡೆಯಿಂದ ಪುಣೆಗೆ ಬಂದು ಆಗಿನ್ನೂ ಎಂಟು ತಿಂಗಳು. ಪುಣೆಗೆ ಕೊಟ್ಟಿದ್ದಾರೆಂದು ತವರಿನ ಓಣಿಯ ಹುಡುಗಿಯರೆಲ್ಲ ಹೊಟ್ಟೆಕಿಚ್ಚು ಪಟ್ಟಿದ್ದರು. ಆದರೆ ನಾನು ಕಂಡ ಪುಣೆ ಎಂದರೆ ನಾವು ಬಾಡಿಗೆಗಿದ್ದ ವಾಡೆಯ ನಡುವಿನ ಅಂಗಳ, ಅದರೊಳಗಿನ ಬಾವಿ, ಬಾವಿಯ ಮೇಲಿನ ಇಷ್ಟಗಲ ಆಕಾಶ, ಅಷ್ಟೆ. ಊರಿಗೆ ಬರೆದ ಪತ್ರದಲ್ಲಿ ಮಾತ್ರ "ಪುಣೆ ಭಾಳ ದೊಡ್ಡ ಶಹರ ಅದ" ಎಂದು ನೋಡಿದವಳಂತೆ ಬರೆದಿದ್ದೆ.

ಮನೆಯಲ್ಲಿ ನಾವು ನಾಲ್ಕೇ ಜನ. ಅತ್ತೆ ತೀರಿಕೊಂಡಿದ್ದರು. ಮಾವನವರು ಕ್ಯಾಂಪಿನ ಒಂದು ಮಿಲಿಟರಿ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾಗಿದ್ದರು. ಇವರಿಗೆ, ಎಂದರೆ ನನ್ನ ಯಜಮಾನರಿಗೆ, ಅದೇ ಕಚೇರಿಯಲ್ಲಿ ಕೆಲಸವಾಗಿತ್ತು. ಗೋದಕ್ಕ ಹದಿಮೂರನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಾನು ಬಂದಾಗ ಅವಳಿಗೆ ಮೂವತ್ತನಾಲ್ಕು. ಕೆಂಪು ಸೀರೆ, ಬೋಳಿಸಿದ ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡ ಸೆರಗು. ತಿಂಗಳಿಗೊಮ್ಮೆ ಹಿಂದಿನ ಪಡಸಾಲೆಗೆ ಕ್ಷೌರದವನು ಬರುತ್ತಿದ್ದ. ಆ ದಿನ ಮಾವನವರು ಬೆಳಿಗ್ಗೆಯೇ ಎದ್ದು ಪರ್ವತಿ ಗುಡ್ಡದ ಗುಡಿಗೆ ಹೋಗಿಬಿಡುತ್ತಿದ್ದರು, ಊಟದ ಹೊತ್ತಿಗೇ ವಾಪಸು. ಅವರು ಭಾಳ ದೈವಭಕ್ತರು ಎಂದು ನಾನು ತಿಳಿದುಕೊಂಡಿದ್ದೆ. ನನ್ನ ತಿಳಿವಳಿಕೆ ಆಗ ಅಷ್ಟೇ ಇತ್ತು.

ವಾರಿಯ, ಎಂದರೆ ಈ ಕಾಲ್ನಡಿಗೆಯ ಯಾತ್ರೆಯ, ಹುಚ್ಚು ಹಚ್ಚಿದವಳು ಸಖುಬಾಯಿ. ಧನಕವಡಿಯಿಂದ ದಿನವೂ ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತು ನಮ್ಮ ವಾಡೆಗೆ ಬರುತ್ತಿದ್ದ ಮುದುಕಿ. ಹದಿನೇಳು ಸಲ ಪಂಢರಪುರಕ್ಕೆ ನಡೆದವಳು. ಗೋದಕ್ಕ ಮೆಂತ್ಯಸೊಪ್ಪು ಆರಿಸುತ್ತ ಅವಳನ್ನು ಕೇಳಿದಳಂತೆ, ಅಲ್ಲಿ ನನ್ನಂಥವರನ್ನು ಸೇರಿಸಿಕೊಳ್ಳುತ್ತಾರೋ ಇಲ್ಲವೋ ಎಂದು. ಸಖುಬಾಯಿ ತನ್ನ ಮರಾಠಿಯಲ್ಲಿ, "ಅಲ್ಲಿ ಯಾರೂ ಯಾರನ್ನೂ ಕೇಳೂದಿಲ್ಲ ಬಾಯಿ. ಎಲ್ಲರೂ ಎಲ್ಲರಿಗೂ ಮಾವುಲಿ ಅಂತಾರೆ, ಮುಗೀತು" ಎಂದಳು. ಮಾವುಲಿ ಎಂದರೆ ತಾಯಿ.

ಆ ದಿನ ರೊಟ್ಟಿ ತಟ್ಟುತ್ತ ಗೋದಕ್ಕ ನನಗೆ ಹೇಳಿದಳು: "ಹದಿನೆಂಟು ದಿನ ನನ್ನ ಮಾರಿ ನೋಡಿ ಯಾರೂ ಹಿಂದಕ್ಕ ಹೋಗೂದಿಲ್ಲ. ಒಂದ್ಸಲ ಹಂಗ ಇದ್ದು ನೋಡಬೇಕಾಗೇದ."

ಮಾವನವರು ಬೇಡ ಎನ್ನಲಿಲ್ಲ. "ನಿನಗ ಬಾವಿಯಿಂದ ಅಡಿಗಿಮನಿತನಕಾ ನಡದು ರೂಢಿ. ನೂರೈವತ್ತು ಮೈಲಿ ಹೆಂಗ ನಡೀತಿ? ಮೊದಲು ಕಾತ್ರಜದ ಕೆರಿತನಕಾ ಹೋಗಿ ಬಂದು ತೋರಿಸು" ಎಂದರು. ಅವಳು ತಾನಾಗಿ ಬಿಡುತ್ತಾಳೆ ಎಂಬ ಲೆಕ್ಕ. ಅವಳೊಬ್ಬಳನ್ನೇ ಕಳಿಸುವಂತಿಲ್ಲವಾದ್ದರಿಂದ ಜೊತೆಗೆ ನಾನು. ಯಾತ್ರೆಯ ಪುಣ್ಯದ ಗೊಡವೆ ನನಗಿರಲಿಲ್ಲ. ಹೊಸ್ತಿಲ ಆಚೆಗಿನ ಪುಣೆ ನೋಡಲು ಸಿಗುತ್ತದಲ್ಲ, ಅದೇ ನನಗೆ ವಿಠಲ.

ಸಖುಬಾಯಿ ನಮಗೆ ಗುರು. ಚೈತ್ರದಲ್ಲಿ ಪಾಠ ಶುರುವಾಯಿತು. ಮೊದಲ ಹದಿನೈದು ದಿನ ರಸ್ತೆಯೇ ಇಲ್ಲ, ವಾಡೆಯ ಮಾಳಿಗೆಯ ಕಲ್ಲುಹಾಸಿನ ಮೇಲೆ ನಡುಮಧ್ಯಾಹ್ನ ಬರಿಗಾಲಲ್ಲಿ ಅತ್ತಿಂದಿತ್ತ. ಅಂಗಾಲಿಗೆ ಔಡಲೆಣ್ಣೆ. "ಹೆಜ್ಜೆ ಸಣ್ಣದಿರಲಿ. ದೂರದ ಗುಡ್ಡ ನೋಡಬೇಡಿ, ಮುಂದಿನವಳ ಹಿಮ್ಮಡಿ ನೋಡಿ. ದಣಿದರೆ ನಿಂತುಕೊಳ್ಳಿ, ಕೂತರೆ ಕಾಲು ನಡಿಗೆ ಮರೆಯುತ್ತದೆ." ನನಗೆ ಮೂರನೇ ದಿನವೇ ಬೊಬ್ಬೆ ಎದ್ದವು. ಗೋದಕ್ಕನಿಗೆ ಏನೂ ಆಗಲಿಲ್ಲ. ಇಪ್ಪತ್ತು ವರ್ಷ ಒಲೆಯ ಮುಂದೆ ಕೂತವಳಿಗೆ ಕಲ್ಲಿನ ಬಿಸಿ ಯಾವ ಲೆಕ್ಕ.

ಬಿಸಿಲು ಬಡಿಯದಿರಲಿ ಎಂದು ಸೊಂಟದಲ್ಲೊಂದು ಉಳ್ಳಾಗಡ್ಡಿ ಇಟ್ಟುಕೊಳ್ಳಿ ಎಂದೂ ಸಖುಬಾಯಿ ಹೇಳಿದ್ದಳು. ನಮ್ಮದು ಉಳ್ಳಾಗಡ್ಡಿಯ ವಾಸನೆಯೂ ಸೇರದ ಮನೆ. ನಾನು ಅವಳ ಕೈಯಿಂದಲೇ ಒಂದನ್ನು ಇಸಿದುಕೊಂಡು ಸೀರೆಯ ನೆರಿಗೆಯಲ್ಲಿ ಸಿಕ್ಕಿಸಿಕೊಂಡಿದ್ದೆ. ಮಾವನವರಿಗೆ ನೀರು ಕೊಡಲು ಬಗ್ಗಿದಾಗ ಅದು ಜಾರಿ ಬಿದ್ದು ಉರುಳುತ್ತ ಹೋಗಿ ಅವರ ಮಣೆಗೆ ತಗುಲಿ ನಿಂತಿತು. ಅವರು ಅದನ್ನೇ ಸ್ವಲ್ಪ ಹೊತ್ತು ನೋಡಿ, "ಇದು ಯಾವ ದೇವರ ಪ್ರಸಾದ ಅವ್ವಾ?" ಎಂದರು. ಒಳಗೆ ಗೋದಕ್ಕ ನಕ್ಕಳು. ಆ ಮನೆಗೆ ಬಂದ ಮೇಲೆ ಅವಳ ನಗು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ರಸ್ತೆಗಿಳಿದೆವು. ಅದೂ ಮಧ್ಯಾಹ್ನವೇ. ಊಟ ಮುಗಿಸಿ ಊರೆಲ್ಲ ಬಾಗಿಲು ಹಾಕಿಕೊಂಡು ಮಲಗಿದ ಮೇಲೆ ನಾವಿಬ್ಬರು ಒದ್ದೆ ಬಟ್ಟೆ ತಲೆಗೆ ಹಾಕಿಕೊಂಡು ಹೊರಡುತ್ತಿದ್ದೆವು. ಒಂದು ದಿನ ವಾಚನಾಲಯದಿಂದ ಬರುತ್ತಿದ್ದ ಮಾವನವರು ಬಾಗಿಲಲ್ಲೇ ಎದುರಾದರು.

"ತಲಿ ನೆಟ್ಟಗದನೋ ಇಲ್ಲೋ ನಿಮ್ಮದು? ಈ ಬಿಸಿಲಾಗ ನಾಯಿ ಸುದ್ದಾ ಹೊರಗ ಬರೂದಿಲ್ಲ. ಮುಂಜಾನೆ ತಂಪಿನ್ಯಾಗ ಹೋಗಲಿಕ್ಕೆ ಏನು ಧಾಡಿ?"

ಕಾಲು ಗಟ್ಟಿಯಾಗಲೆಂದು ಎಂದು ನಾನು ಹೇಳುವವಳಿದ್ದೆ. ನನಗೂ ಅಷ್ಟೇ ಗೊತ್ತಿದ್ದದ್ದು. ಗೋದಕ್ಕ ನೆಲ ನೋಡುತ್ತ, "ಮುಂಜಾನೆ ಮಂದಿ ಕೆಲಸಕ್ಕ ಹೊಂಟಿರ್ತಾರ ಅಪ್ಪಾ. ಎದುರಿಗೆ ನಾ ಬರಬಾರದಲ್ಲ" ಎಂದಳು. ದೂರು ಹೇಳುವ ದನಿಯಲ್ಲ. ಹಾಲು ಕೆಟ್ಟಿದೆ ಎನ್ನುವಂತೆ ಹೇಳಿದಳು.

ಮಾವನವರು ಒಳಗೆ ಹೋದರು. ಆ ದಿನ ಚಹಾ ಕುಡಿಯಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ನೋಡಿದರೆ ಕಚೇರಿಗೆ ಹೋಗುವಾಗಿನ ಕರಿ ಕೋಟು ತೊಟ್ಟು, ರುಮಾಲು ಸುತ್ತಿಕೊಂಡು, ಕೋಲು ಹಿಡಿದು ಅಂಗಳದಲ್ಲಿ ನಿಂತಿದ್ದರು. "ನಡೀ ಗೋದಾ." ಅವಳು ಬೇಡವೆಂದರೂ ಕೇಳಲಿಲ್ಲ. ಓಣಿಯ ತುದಿಯಲ್ಲಿ ಪಕ್ಕದ ವಾಡೆಯ ವಕೀಲರು ಕೋರ್ಟಿಗೆ ಹೊರಟವರು ಗೋದಕ್ಕನನ್ನು ಕಂಡು ತಡೆದು, ಏನೋ ಮರೆತವರಂತೆ ಹಿಂದಕ್ಕೆ ತಿರುಗಿದರು. ಮಾವನವರು ನಾಲ್ಕು ಹೆಜ್ಜೆ ಮುಂದೆ ಹೋಗಿ ಅವರಿಗೆ ಕೈಮುಗಿದರು. ಮಗಳ ಕಡೆ ಕೈ ತೋರಿಸಿ ಮರಾಠಿಯಲ್ಲಿ, "ಹೀ ಮಾಝೀ ಮುಲಗೀ" ಎಂದರು. ಇವಳು ನನ್ನ ಮಗಳು. ಇಪ್ಪತ್ತು ವರ್ಷದಿಂದ ಆ ವಕೀಲರಿಗೆ ಅದು ಗೊತ್ತಿದ್ದದ್ದೇ. ಅವರು ತಬ್ಬಿಬ್ಬಾಗಿ ತಾವೂ ಕೈಮುಗಿದರು. ನಾವು ಮೂವರೂ ಅವರನ್ನು ದಾಟಿ ಹೋದೆವು. ನಾನು ತಿರುಗಿ ತಿರುಗಿ ನೋಡುತ್ತಿದ್ದೆ, ಗೋದಕ್ಕ ಮಾತ್ರ ಸಖುಬಾಯಿ ಹೇಳಿಕೊಟ್ಟಂತೆ ಮುಂದಿನವರ ಹಿಮ್ಮಡಿ ನೋಡುತ್ತ ನಡೆಯುತ್ತಿದ್ದಳು. ಮುಂದಿದ್ದವರು ಅವಳ ಅಪ್ಪ.

ಅಲ್ಲಿಂದ ಮುಂದೆ ದಿನವೂ ಮೂವರೇ. ಒಂದು ದಿನ ಪರ್ವತಿ, ಒಂದು ದಿನ ಧನಕವಡಿಯ ಬಾವಿತನಕ, ಆಮೇಲೆ ಕಾತ್ರಜದ ಕೆರೆತನಕ. ಮಾವನವರಿಗೆ ಅರವತ್ತೆರಡು, ಆದರೂ ನನಗಿಂತ ಚುರುಕು. ದಾರಿಯಲ್ಲಿ ಎದುರಾದವರಿಗೆಲ್ಲ, ಎತ್ತಿನ ಗಾಡಿಯವನಿಗೂ, "ನಮ್ಮ ಮಗಳು ಪಂಢರಪುರಕ್ಕ ನಡದು ಹೊಂಟಾಳ" ಎಂದು ಹೇಳುತ್ತಿದ್ದರು. "ವಿಠಲ ಅಂದ್ರ ಯಾರು, ನಮ್ಮ ಕನ್ನಡದವನs" ಎಂದು ಮರಾಠಿಯವರಿಗೆ ಮರಾಠಿಯಲ್ಲೇ ವಾದಿಸುತ್ತಿದ್ದರು. ನಾನೋ, ರಸ್ತೆ ಬದಿಯ ಕವಳಿಹಣ್ಣಿನ ಗಿಡ, ಭೋರ್ ಊರಿನ ಕಡೆಯಿಂದ ಬರುವ ಗಾಡಿಗಳು, ಗಾಡಿಯಲ್ಲಿ ಕೂತ ಹೆಂಗಸರ ಮೂಗುತಿ, ಎಲ್ಲವನ್ನೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಆಷಾಢ ಬರುವುದೇ ಬೇಡ, ಹೀಗೇ ನಡೆಯುತ್ತಿರೋಣ ಎನಿಸುತ್ತಿತ್ತು. ಅಷ್ಟು ಸುಖ ನಾನು ಬೇರೆ ಯಾವ ಬೇಸಿಗೆಯಲ್ಲೂ ಕಂಡಿಲ್ಲ. ಅದನ್ನು ನೆನೆಸಿಕೊಳ್ಳಲು ನಾಚಿಕೆಯಾಗುತ್ತದೆ.

ಒಮ್ಮೆ ಕಾತ್ರಜದ ಕೆರೆಯ ದಂಡೆಯಲ್ಲಿ ನಿಂತು ದಣಿವಾರಿಸಿಕೊಳ್ಳುತ್ತಿದ್ದಾಗ ಮಾವನವರು ನೀರು ನೋಡುತ್ತ ಹೇಳಿದರು: "ಗೋದಾ, ನಿನ್ನ ಕೂದಲಾ ತಗದ ದಿನ ನಾ ಪರ್ವತಿ ಮ್ಯಾಲೆ ಹೋಗಿ ಕೂತಿದ್ದೆ."

"ಗೊತ್ತದ" ಎಂದಳು ಗೋದಕ್ಕ.

"ಹಿರೇರು ಅಂದ್ರು, ನಾ ಹೂಂ ಅಂದೆ. ನಿನ್ನ ಒಂದು ಮಾತು ಕೇಳಬೇಕಾಗಿತ್ತು."

"ಹೌದು, ಕೇಳಬೇಕಾಗಿತ್ತು" ಎಂದಳು. ತಂಬಿಗೆಯ ನೀರನ್ನು ಅವರ ಕೈಗೆ ಕೊಟ್ಟು, ಅವರು ಕುಡಿದು ಮುಗಿಸುವತನಕ ನಿಂತಿದ್ದಳು. ನಾನು ಹಿಂದೆ ಕವಳಿಹಣ್ಣು ಆರಿಸುವವಳಂತೆ ತಲೆ ತಗ್ಗಿಸಿದ್ದೆ.

ವೈಶಾಖದ ಕೊನೆಗೆ ಕಾತ್ರಜದ ಆಚೆಯ ಘಾಟು ಹತ್ತುವ ಪರೀಕ್ಷೆ. ಒಂಬತ್ತರೊಳಗೆ ತಿರುಗಿಬಿಡಿ, ಆಮೇಲಿನ ಬಿಸಿಲು ಬೇರೆ ಎಂದು ಸಖುಬಾಯಿ ಎಚ್ಚರಿಸಿದ್ದಳು. ಅರ್ಧ ಘಾಟು ಹತ್ತಿ ನಿಂತಾಗ ಮಾವನವರು, "ಸಾಕು, ಇನ್ನ ತಿರುಗೂಣು" ಎಂದರು. ಮೇಲೆ ರಸ್ತೆ ಗುಡ್ಡದ ಹೊಟ್ಟೆಯೊಳಗೆ ಹೊಕ್ಕು ಆಚೆ ಬರುತ್ತದೆ, ಅಲ್ಲೊಂದು ಸುರಂಗವಿದೆ ಎಂದು ಗಾಡಿಯವನೊಬ್ಬ ನನಗೆ ಹೇಳಿದ್ದ. "ಮಾವನವರ, ಇನ್ನೊಂದು ತಿರುವು ಹೋಗೂಣ್ರಿ. ಸುರಂಗದ ಬಾಯಿ ನೋಡಿ ಬರೂಣು" ಎಂದೆ. ಸೊಸೆ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಅವರು ನಕ್ಕು ಮುಂದೆ ನಡೆದರು. ಒಂದು ತಿರುವು ಮೂರಾಯಿತು. ಸುರಂಗ ನೋಡಿದೆ. ಕಲ್ಲಿನ ಒಂದು ಕತ್ತಲ ಬಾಯಿ, ಅಷ್ಟೆ. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಇಳಿಯುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಧನಕವಡಿಯ ಬಾವಿಯ ಹತ್ತಿರ ಮಾವನವರ ಕೈಯಿಂದ ಕೋಲು ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಹಾಗೇ ಪಕ್ಕಕ್ಕೆ ಒರಗಿದರು. ಬಾಯಿ ಒಂದು ಕಡೆ ಎಳೆದಿತ್ತು. ಸಖುಬಾಯಿಯ ಮನೆಯವರು ಗಾಡಿ ಕಟ್ಟಿ ನಮ್ಮನ್ನು ಮನೆಗೆ ತಂದು ಬಿಟ್ಟರು. ಬಲಗೈ, ಬಲಗಾಲು, ಮಾತು, ಮೂರೂ ಹೋಗಿದ್ದವು. ಬಿಸಿಲಿನ ಜೊತೆಗೆ ಲಕ್ವ ಹೊಡೆದಿದೆ ಎಂದರು ವೈದ್ಯರು.

ಗೋದಕ್ಕ ಯಾತ್ರೆಯ ಹೆಸರೆತ್ತಲಿಲ್ಲ. ಹಾಸಿಗೆ, ಹೊರಳಿಸುವುದು, ಗಂಜಿ, ಎಲ್ಲವನ್ನೂ ತಾನೇ ಮಾಡಿದಳು. ಸುರಂಗದ ಮಾತನ್ನೂ ಯಾರಿಗೂ ಹೇಳಲಿಲ್ಲ. ಜ್ಯೇಷ್ಠ ಕಳೆಯುತ್ತ ಪಾಲಖಿ ಪುಣೆಗೆ ಬಂದು ತಂಗಿತು. ಸಖುಬಾಯಿ ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದು, "ನಾಡಿದ್ದು ಹೊರಡೋದು, ಬರ್ತೀಯಾ ಬಾಯಿ?" ಎಂದಳು. "ಹೆಂಗ ಬರಲಿ?" ಎಂದಳು ಗೋದಕ್ಕ. ಒಳಗೆ ಮಲಗಿದ್ದ ಮಾವನವರಿಗೆ ಅದು ಕೇಳಿಸಿತು.

ಅಂದು ಮಧ್ಯಾಹ್ನ ಗೋದಕ್ಕ ಗಂಜಿಯ ಚಮಚ ಹಿಡಿದರೆ ಅವರು ಬಾಯಿ ಬಿಗಿಹಿಡಿದರು. ಸಂಜೆಯೂ ಅದೇ. ನಾನು ಹಿಡಿದಾಗ ಬಾಯಿ ತೆರೆದರು. ಮರುದಿನವೂ ಅವಳ ಕೈಯಿಂದ ಒಂದು ಗುಟುಕು ಇಳಿಸಲಿಲ್ಲ, ನನ್ನ ಕೈಯಿಂದ ಪೂರ್ತಿ ಕುಡಿದರು. ಎರಡು ದಿನ ನೋಡಿ ಗೋದಕ್ಕನಿಗೆ ಅರ್ಥವಾಯಿತು. ಅವರ ಕಾಲ ಹತ್ತಿರ ಕೂತು, "ಹೋಗಿ ಬರ್ಲೇನು ಅಪ್ಪಾ?" ಎಂದಳು. ಅವರು ಎಡಗೈ ಎತ್ತಿ ಬಾಗಿಲ ಕಡೆ ತೋರಿಸಿದರು. ಅಷ್ಟು ಬಿಸಿಲಿನಲ್ಲಿ ಕಾಯಿಸಿದ ಕಾಲುಗಳು, ಹೊರಟ ದಿನ ಜಿಟಿಜಿಟಿ ಮಳೆ. ಅವಳು ಕೆಸರಿನಲ್ಲೇ ನಡೆದುಹೋದಳು.

ಮೂರನೆಯ ದಿನ ಬೆಳಿಗ್ಗೆ ಮಾವನವರಿಗೆ ಜ್ವರ ಏರಿತು. ಉಸಿರು ಗೊರಗೊರ ಎನ್ನುತ್ತಿತ್ತು. ವೈದ್ಯರು ತಲೆಯಾಡಿಸಿದರು. ಇವರು ಕೋಟು ಹಾಕಿಕೊಂಡು ಹೇಳಿದರು: "ಇವತ್ತ ಪಾಲಖಿ ಜೇಜುರಿಯೊಳಗ ಇರ್ತದ. ರೈಲಿನ್ಯಾಗ ಹೋಗಿ ಅಕ್ಕನ್ನ ಕರಕೊಂಡು ಬರ್ತೇನಿ. ಸಂಜೀತನಕಾ ಬಂದುಬಿಡ್ತೇವಿ."

ನಾನು ತಡೆದೆ. "ಬ್ಯಾಡ್ರಿ. ಹಟಾ ಹಿಡದು ಕಳಿಸ್ಯಾರ. ನಡುವ ಕರಸಿದ್ರ ಅವರಿಗೇ ಸಮಾಧಾನ ಆಗೂದಿಲ್ಲ. ಅಕ್ಕ ಮತ್ತೊಮ್ಮೆ ಹೊರಬೀಳಲಿಕ್ಕೆ ಆಗ್ತದೇನು? ಪೂರಾ ಮಾಡಿಕೊಂಡು ಬರ್ಲಿ."

ಇವರು ಕೋಟು ತೆಗೆದು ಗೂಟಕ್ಕೆ ಹಾಕಿದರು. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗೋದಕ್ಕನ ಒಳ್ಳೆಯದಕ್ಕೇ ಹೇಳಿದೆನೆಂದು ಆಗ ಪೂರ್ತಿ ನಂಬಿದ್ದೆ.

ಮಾವನವರು ಆಮೇಲೂ ಎರಡು ದಿನ ಇದ್ದರು. ಮಾತು ಹೋಗಿದ್ದ ಬಾಯಿಂದ ಆ ಎರಡು ದಿನವೂ ಒಂದು ಸದ್ದು ಬರುತ್ತಿತ್ತು. "ಗೋ… ಗೋ…" ಒಮ್ಮೊಮ್ಮೆ ಸ್ಪಷ್ಟವಾಗಿಯೇ, "ಗೋದಾ." ಅವಳು ಎಲ್ಲಿತನಕ ಹೋದಳೆಂದು ಕೇಳುತ್ತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. "ಜೇಜುರಿ ದಾಟ್ಯಾಳ್ರಿ, ಆರಾಮ ಇದ್ದಾಳ್ರಿ" ಎಂದು ಕಿವಿಯಲ್ಲಿ ಹೇಳುತ್ತಿದ್ದೆ. ಅವರು ವಿಚಾರಿಸುತ್ತಿರಲಿಲ್ಲ. ಕರೆಯುತ್ತಿದ್ದರು. ಅದು ನನಗೆ ಗೊತ್ತಿತ್ತು, ಎರಡನೆಯ ದಿನ ಇವರಿಗೆ ಹೇಳಿ ಕಳಿಸಬಹುದಾಗಿತ್ತು. ಮೊದಲು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ಬರಲಿಲ್ಲ. ಐದನೆಯ ದಿನ ಬೆಳಿಗ್ಗೆ ತೀರಿಕೊಂಡರು.

ಇಪ್ಪತ್ತು ದಿನಕ್ಕೆ ಗೋದಕ್ಕ ತಿರುಗಿ ಬಂದಳು. ಬಿಸಿಲಿಗೂ ಗಾಳಿಗೂ ಕಪ್ಪಾಗಿದ್ದಳು, ಮುಖದಲ್ಲಿ ನಾನು ಕಂಡಿರದ ಒಂದು ಕಳೆ. ಕೈಯಲ್ಲಿ ಅಪ್ಪನಿಗೆಂದು ತಂದ, ಹಣೆಗೆ ಹಚ್ಚುವ ಬುಕ್ಕಿಟ್ಟಿನ ಪೊಟ್ಟಣ ಮತ್ತು ತುಳಸಿಮಾಲೆ. ಬಾಗಿಲು ತೆರೆದವರು ಇವರು. ತಮ್ಮನ ಬೋಳಿಸಿದ ಮೀಸೆ ನೋಡುತ್ತಲೇ ಅವಳಿಗೆ ತಿಳಿಯಿತು.

"ಎಂದ?" ಎಂದಳು.

"ನೀ ಹೋದ ಐದನೇ ದಿನ" ಎಂದರು ಇವರು. ಮೂರನೇ ದಿನದಿಂದ ಜ್ವರವಿತ್ತೆಂಬುದನ್ನೂ, ಕರೆಯಲು ಹೊರಟವರನ್ನು ನಾನು ತಡೆದದ್ದನ್ನೂ ಮುಚ್ಚಿಡಲಿಲ್ಲ.

ಗೋದಕ್ಕ ಮಾಲೆಯನ್ನು ಹಿಡಿದುಕೊಂಡೇ ನಿಂತಿದ್ದಳು. "ಮೂರನೇ ದಿನ ಜೇಜುರಿ. ನಾಲ್ಕನೇ ದಿನ ವಾಲ್ಹೆ. ಎರಡೂ ಕಡೆ ರೈಲು ನಿಲ್ತದ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನನಗೇನು ಬೇಕು ಅಂತ ನನ್ನ ಕೇಳಬೇಕು ಅಂತ ಈ ಮನ್ಯಾಗ ಯಾರಿಗೂ ಅನಿಸೂದಿಲ್ಲೇನು? ಅಪ್ಪನಿಗೆ ಅದು ತಿಳೀಲಿಕ್ಕೆ ಇಪ್ಪತ್ತು ವರ್ಷ ಹಿಡೀತು. ನೀನೂ ಹಂಗs ಮಾಡಿದೆಲ್ಲ." ದನಿ ಏರಿಸಲಿಲ್ಲ. ಮಾಲೆಯನ್ನು ಇವರ ಕೈಗೆ ಕೊಟ್ಟು, "ನನ್ನ ಹೆಸರು ತಗೊಂಡಿದ್ದರೇನು?" ಎಂದು ಕೇಳಿದಳು.

"ಇಲ್ಲ ಅಕ್ಕಾ. ಎಚ್ಚರಾನೇ ಇರಲಿಲ್ಲ" ಎಂದೆ. ಅವಳ ಸಂಕಟ ಕಡಿಮೆಯಾಗಲೆಂದು ಹೇಳಿದ ಸುಳ್ಳು ಎಂದುಕೊಂಡಿದ್ದೆ. ಕಡಿಮೆಯಾಗಬೇಕಾಗಿದ್ದದ್ದು ನನ್ನದು.

ಒಂದು ವರ್ಷ ಒಂದೇ ಒಲೆಯ ಮುಂದೆ ಇಬ್ಬರೂ ಕೂತೆವು. ಅವಳು ಜಗಳವಾಡಲಿಲ್ಲ, ನನ್ನ ಮೊದಲ ಬಾಣಂತನವನ್ನೂ ಮಾಡಿದಳು. ಉಪ್ಪು, ಹುಣಸೆಹಣ್ಣು, ಕೂಸಿನ ಎಣ್ಣೆನೀರು, ಇವುಗಳ ಹೊರತು ಮಾತಿಲ್ಲ. ಮುಂದಿನ ಆಷಾಢಕ್ಕೆ ಯಾರನ್ನೂ ಕೇಳದೆ ಗಂಟು ಕಟ್ಟಿಕೊಂಡು ಬೆಳಿಗ್ಗೆ ಹೊರಟುಹೋದಳು. ನಾನು ಕೂಸನ್ನು ಇವರ ಕೈಗೆ ಕೊಟ್ಟು ದೊಡ್ಡ ರಸ್ತೆಗೆ ಓಡಿದೆ. ಪಾಲಖಿಯ ಹಿಂದೆ ಹೆಂಗಸರ ಸಾಲು. ತಲೆಯ ಮೇಲೆ ತುಳಸಿಯ ಕುಂಡ ಹೊತ್ತ ಸಖುಬಾಯಿ, ಅವಳ ಪಕ್ಕದಲ್ಲಿ ಗೋದಕ್ಕ. ಎದುರಿಗೆ ಬರುವವರು ಬಾಗಿ ಅವಳ ಕಾಲು ಮುಟ್ಟುತ್ತಿದ್ದರು, ಅವಳೂ ಅವರ ಕಾಲು ಮುಟ್ಟುತ್ತಿದ್ದಳು. ಅಲ್ಲಿಯ ರೀತಿ ಅದು.

ನಾನು ಸಾಲಿನೊಳಗೆ ನುಗ್ಗಿ ಅವಳ ಕೈ ಹಿಡಿದೆ. "ಅಕ್ಕಾ, ನಾ ಸುಳ್ಳು ಹೇಳಿದ್ದೆ. ಮಾವನವರು ನಿನ್ನ ಕರದ್ರು. ಎರಡು ದಿನಾ ಪೂರಾ ಕರದ್ರು."

ಅವಳು ನಿಂತಳು. ಹಿಂದಿನವರು ನಮ್ಮನ್ನು ಬಳಸಿಕೊಂಡು ಮುಂದೆ ಹೋದರು. ಬೈಯಬಹುದು, ಅಳಬಹುದು ಎಂದು ನಾನು ಕಾದೆ. ಅವಳು ಕೇಳಿದ್ದು ಒಂದೇ: "ಎಷ್ಟು ಸಲ?"

"ಎಣಿಸಲಿಲ್ಲ ಅಕ್ಕಾ. ನೀರು ಹಾಕಿದಾಗೊಮ್ಮೆ ಸುಮ್ಮನಾಗೋರು. ಮತ್ತ ಕರಿಯೋರು."

ಅವಳು ತಲೆಯಾಡಿಸಿ, ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡು ಸಾಲಿಗೆ ಸೇರಿದಳು. ನಾನು ಕೊನೆಯ ಗಾಡಿ ದಾಟುವತನಕ ನಿಂತಿದ್ದು ಮನೆಗೆ ಬಂದೆ. ಕೂಸು ಅಳುತ್ತಿತ್ತು.

ಯಾತ್ರೆ ಮುಗಿಸಿ ಬಂದ ಮೇಲೆ ಗೋದಕ್ಕ ಆ ಮಾತು ಎತ್ತಲಿಲ್ಲ. ಶ್ರಾವಣ ಕಳೆಯಿತು, ದಸರೆ ಕಳೆಯಿತು. ಅದರ ಮುಂದಿನ ವರ್ಷ ತಿಥಿಗೆಂದು ಅವಳು ಪಾಲಖಿಯ ಜೊತೆ ಹೋಗದೆ ಮನೆಯಲ್ಲೇ ಉಳಿದಳು. ಮಾವನವರ ತಿಥಿಯ ದಿನ ಬ್ರಾಹ್ಮಣರು ಊಟ ಮಾಡಿ ಹೋದ ಮೇಲೆ ಅವಳು ನನ್ನನ್ನು ಹಿತ್ತಲಿಗೆ ಕರೆದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಾನು ಕೂತು, ನನ್ನನ್ನೂ ಕೂಡಿಸಿಕೊಂಡಳು.

"ಹೆಂಗ ಕರದ್ರು? ಅವರು ಅಂದಂಗs ಅಂದು ತೋರಿಸು."

ನಾನು ಬಾಯಿ ಒಂದು ಕಡೆ ಎಳೆದುಕೊಂಡು, ಮಾವನವರ ಆ ತೊದಲಿನಲ್ಲೇ ಕರೆದೆ. "ಗೋ… ಗೋದಾ…" ಗೋದಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು ಕೇಳಿದಳು. ಆಮೇಲೆ ಬಹಳ ಮೆಲ್ಲಗೆ, "ಬಂದೆ ಅಪ್ಪಾ" ಎಂದಳು.

ಅವಳು ಬದುಕಿದ್ದಷ್ಟು ವರ್ಷವೂ, ಪ್ರತಿ ತಿಥಿಯ ಮಧ್ಯಾಹ್ನ, ಹಿತ್ತಲಿಗೆ ಹೋಗಿ ನಾನು ಹಾಗೆ ಕರೆಯಬೇಕಾಗುತ್ತಿತ್ತು. ವರ್ಷಕ್ಕೆ ಒಂದೇ ಸಲ. ಎರಡನೆಯ ಸಲ ಅವಳು ಕೇಳಲಿಲ್ಲ.